ಕುಸ್ವಾರದ ಪೂರ್ವೋತ್ತರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೊಂಕಣಿ ಕ್ರೈಸ್ತರ ಅನೇಕ ಮನೆಗಳಲ್ಲಿ ಡಿಸೆಂಬರ್ ತಿಂಗಳು ನಡುವಿಗೆ ಬರುತ್ತಲೇ ಅಡುಗೆಯ ಒಲೆಗೆ ವಿರಾಮವಿಲ್ಲದಂತಾಗುವುದು. ಹಗಲಿನ ಗೃಹಕೃತ್ಯಗಳು ತೀರಿದ ಬಳಿಕ ಅತ್ತೆ ಸೊಸೆಯರು, ನಾದಿನಿಯರು, ನೆರೆಮನೆಯ ಹೆಂಗಸರು, ನಿದ್ದೆಯನ್ನು ತಡೆದುಕೊಂಡಿರುವ ಮಕ್ಕಳು, ಇವರೆಲ್ಲರೂ ನಾದಿದ ಹಿಟ್ಟಿನ ಸುತ್ತಲೂ ಕುಳಿತು, ಒಬ್ಬರು ಲಟ್ಟಿಸುತ್ತ, ಒಬ್ಬರು ಹೂರಣ ತುಂಬುತ್ತ, ಒಬ್ಬರು ಕರಿಯುತ್ತ, ರಾತ್ರಿ ಬಹಳ ಹೊತ್ತಿನವರೆಗೂ ಕೆಲಸ ಮಾಡುವರು. ಡಬ್ಬಿಗಳು ತುಂಬುವ ತನಕ ಮಕ್ಕಳಿಗೆ ಮುರಿದ ಚೂರುಗಳು ಮಾತ್ರವೇ ಪ್ರಾಪ್ತಿ. ಹೀಗೆ ಸಿದ್ಧವಾದ ಹತ್ತಾರು ಬಗೆಯ ತಿನಿಸುಗಳ ಸಮುದಾಯಕ್ಕೆ ಕುಸ್ವಾರ್ ಎಂದು ಹೆಸರು. ಡಿಸೆಂಬರ್ 25ರ ಹಬ್ಬಕ್ಕೆ, ಎಂದರೆ ಅವರ ಮಾತಿನಲ್ಲಿ ನತಾಲಾಂ ಹಬ್ಬಕ್ಕೆ, ಇವನ್ನು ತಟ್ಟೆಗಳಲ್ಲಿ ಜೋಡಿಸಿ, ಮೇಲೆ ವಸ್ತ್ರ ಮುಚ್ಚಿ, ಜಾತಿಮತಗಳನ್ನೆಣಿಸದೆ ನೆರೆಯವರೆಲ್ಲರಿಗೂ ಕಳುಹಿಸುವುದು ಬಹುಕಾಲದ ರೂಢಿ.

ಈ ತಟ್ಟೆಯನ್ನು ನೋಡಿದವರಲ್ಲಿ ಎರಡು ವಿಧದ ಅಭಿಪ್ರಾಯಗಳು ಕೇಳಿಬರುತ್ತವೆ. ಪರಂಗಿಯವರ ಹಬ್ಬದೊಡನೆ ಪರಂಗಿಯವರ ತಿನಿಸೂ ಬಂದಿತು, ಇದು ಕೇವಲ ಅನುಕರಣವೆಂದು ಕೆಲವರು ಹೇಳುವರು. ಇದರಲ್ಲಿರುವುದು ನಮ್ಮ ಕರ್ಜಿಕಾಯಿ, ಚಕ್ಕುಲಿ, ಎಳ್ಳುಂಡೆಗಳೇ ಅಲ್ಲವೆ, ಹೆಸರು ಮಾತ್ರವೇ ಬೇರೆಯೆಂದು ಮತ್ತೆ ಕೆಲವರು ಹೇಳುವರು. ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಅರ್ಧಸತ್ಯಗಳು. ತಟ್ಟೆಯಲ್ಲಿರುವ ಒಂದೊಂದು ಪದಾರ್ಥದ ಕುಲಗೋತ್ರವನ್ನು ವಿಚಾರಿಸಿದರೆ, ಕಾಗದಪತ್ರಗಳಲ್ಲಿ ಎಲ್ಲಿಯೂ ಬರೆದಿಡದ ಒಂದು ಜನಾಂಗದ ಚರಿತ್ರೆಯೇ ಅದರಲ್ಲಿ ಅಡಗಿರುವುದು ವ್ಯಕ್ತವಾಗುವುದು.

ಮೊದಲು ಹೆಸರನ್ನು ವಿಚಾರಿಸೋಣ. ಕುಸ್ವಾರ್ ಎಂಬುದು ಪೋರ್ತುಗೀಜ್ ಭಾಷೆಯ ‘ಕೊನ್ಸೊಆದ’ ಎಂಬ ಶಬ್ದದ ತದ್ಭವ. ಉಪವಾಸದ ದಿನ ರಾತ್ರಿಯಲ್ಲಿ ಸೇವಿಸುವ ಲಘುವಾದ ಆಹಾರವೆಂಬುದು ಅದರ ಮೂಲಾರ್ಥ. ಕ್ರಮೇಣ ಕ್ರಿಸ್ತಜಯಂತಿಯ ಹಿಂದಿನ ರಾತ್ರಿಯ ಭೋಜನವೆಂದೂ, ಆ ಹಬ್ಬದಲ್ಲಿ ಕೊಡುವ ಕಾಣಿಕೆಯೆಂದೂ ಅರ್ಥವು ವಿಸ್ತಾರವಾಯಿತು. ಕನ್ನಡಿಗರಿಗೆ ಇದು ಅಪರಿಚಿತವಾದ ಶಬ್ದಗತಿಯಲ್ಲ. ಏಕಾದಶಿಯ ಉಪವಾಸದವನು ತೆಗೆದುಕೊಳ್ಳುವ ಫಲಾಹಾರವೇ ಫಳಾರವಾಗಿ, ಹೊಟ್ಟೆ ತುಂಬ ತಿನ್ನುವ ತಿಂಡಿಯೂ ಪರರಿಗೆ ಹಂಚುವ ಸಿಹಿಯೂ ಆಗಿರುವುದಷ್ಟೆ. ವ್ರತದ ಮಿತಾಹಾರವು ಹಬ್ಬದ ತಿನಿಸಾಗಿ ಪರಿಣಮಿಸುವುದು ಎರಡು ಧರ್ಮಗಳಲ್ಲಿಯೂ ಒಂದೇ ದಾರಿಯಲ್ಲಿ ನಡೆದಿದೆ.

ಇನ್ನು ತಿನಿಸುಗಳ ವಿಷಯ. ಯೂರೋಪಿನಲ್ಲಿ ಕ್ರಿಸ್ಮಸ್ ತಿನಿಸೆಂದರೆ ಮುಚ್ಚಿದ ಒಲೆಯೊಳಗೆ ಸುಟ್ಟು ತೆಗೆದ ಸಣ್ಣ ಬಿಲ್ಲೆಗಳು. ಇವುಗಳಲ್ಲಿ ಅತ್ಯಂತ ಹೆಸರಾದವು ಜರ್ಮನಿಯ ನ್ಯೂರೆಂಬರ್ಗ್ ನಗರದ ಲೇಬ್‌ಕೂಕೆನ್ ಎಂಬ ಜೇನಿನ ರೊಟ್ಟಿಗಳು. ಇವನ್ನು ಮಾಡುವವರ ಹೆಸರು ಆ ನಗರದ ದಾಖಲೆಗಳಲ್ಲಿ 1395ರಷ್ಟು ಹಿಂದೆಯೇ ಕಾಣುವುದು. 1643ರಲ್ಲಿ ಅವರದೇ ಆದ ಪ್ರತ್ಯೇಕ ಶ್ರೇಣಿಯೊಂದು ಏರ್ಪಟ್ಟಿತು. ಎಂದರೆ, ಅದು ಗೃಹಿಣಿಯರ ಕೈಕೆಲಸವಾಗಿರದೆ ಪಳಗಿದ ಕಸುಬುದಾರರ ವೃತ್ತಿಯಾಗಿದ್ದಿತು. ಸಾಮಾನ್ಯನ ಮನೆಯಲ್ಲಿ ಅಂತಹ ಒಲೆಯೂ ಇರಲಿಲ್ಲ, ಸಕ್ಕರೆಯನ್ನು ಕೊಳ್ಳುವ ಶಕ್ತಿಯೂ ಇರಲಿಲ್ಲ. 1801ರಲ್ಲಿ ಸೈಲೀಸಿಯ ಪ್ರಾಂತದಲ್ಲಿ ಅಖಾರ್ಡ್ ಎಂಬ ವಿಜ್ಞಾನಿಯು ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದನು. ಆ ಉದ್ಯಮವು ಬೆಳೆದು ಸಕ್ಕರೆಯು ಅಗ್ಗವಾದ ಮೇಲೆ, ಎರಕದ ಕಬ್ಬಿಣದ ಒಲೆಯು ಮನೆಮನೆಗೂ ಬಂದ ಮೇಲೆ, ಹಬ್ಬಕ್ಕೆ ಮನೆಯಲ್ಲಿಯೇ ಬಿಲ್ಲೆಗಳನ್ನು ಸುಡುವ ಪದ್ಧತಿಯು ಅಲ್ಲಿ ಸರ್ವಸಾಮಾನ್ಯವಾಯಿತು. ಈಗ ಪುರಾತನವೆಂಬಂತೆ ತೋರುವ ಆ ಗೃಹಾಚಾರವು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ್ದೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಆ ಬಿಲ್ಲೆಗಳಿಗೂ ಈ ಕರಾವಳಿಗೂ ಒಂದು ಹಳೆಯ ನಂಟು ಉಂಟು. ಜರ್ಮನರು ಅವನ್ನು ‘ಫೆಫರ್‌ಕೂಕೆನ್’ ಎಂದೂ ಕರೆಯುವರು. ಮೆಣಸಿನ ರೊಟ್ಟಿಯೆಂದು ಅದರ ಅರ್ಥ. ಆ ದೇಶದಲ್ಲಿ ಒಂದು ಕಾಳು ಮೆಣಸೂ ಬೆಳೆಯುವುದಿಲ್ಲ. ಸಹ್ಯಾದ್ರಿಯ ತಪ್ಪಲಿನ ಮೆಣಸು, ಶುಂಠಿ, ಏಲಕ್ಕಿಗಳು ಅರಬರ ಹಡಗುಗಳಲ್ಲಿ ಪಶ್ಚಿಮಕ್ಕೆ ಹೋಗಿ, ವೆನಿಸ್ ನಗರದ ವರ್ತಕರ ಕೈಸೇರಿ, ಅಲ್ಲಿಂದ ನ್ಯೂರೆಂಬರ್ಗಿನ ಪೇಟೆಯನ್ನು ಮುಟ್ಟುತ್ತಿದ್ದವು. ಆ ಮೆಣಸಿನ ಮೂಲವನ್ನು ಅರಸಿಯೇ ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದದ್ದು. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಬಿಜಾಪುರದವರಿಂದ ಕಸಿದುಕೊಂಡದ್ದು. ಕರಾವಳಿಯ ಮೆಣಸು ಪರದೇಶದ ಹಬ್ಬದ ತಿನಿಸಿಗೆ ಘಮವನ್ನು ಕೊಟ್ಟಿತು. ಆ ಹಬ್ಬವು ಮೆಣಸನ್ನು ಹುಡುಕಿಕೊಂಡು ಬಂದವರೊಡನೆ ಕರಾವಳಿಗೆ ಬಂದಿತು.

ಹಬ್ಬವು ಬಂದರೂ ಅದರ ಒಲೆಯು ಮನೆಗಳಿಗೆ ಬರಲಿಲ್ಲ. ಶೇಂದಿಯಿಂದ ಹುದುಗಿಸಿದ ಹಿಟ್ಟಿನ ಪಾವನ್ನು ಸುಡುವ ದೊಡ್ಡ ಭಟ್ಟಿಗಳು ಗೋವೆಯಲ್ಲಿ ಆದವು ನಿಜ. ಆದರೆ ಅವು ಪೊದೆರ್ ಎಂಬ ರೊಟ್ಟಿಗಾರರ ವೃತ್ತಿಯ ಸೊತ್ತು. ಮನೆಯಾಕೆಯ ಬಳಿಯಲ್ಲಿ ಇದ್ದುದು ಮೂರು ಕಲ್ಲಿನ ಒಲೆ, ಬಾಣಲೆ, ಕಾವಲಿ, ಅರೆಯುವ ಕಲ್ಲು. ಹೊಲದಲ್ಲಿ ಗೋದಿಯಿಲ್ಲ, ಅಕ್ಕಿಯುಂಟು. ಬೆಣ್ಣೆಯು ವಿರಳ, ತೆಂಗು ಹೇರಳ. ಆದುದರಿಂದ ಯೂರೋಪಿನಲ್ಲಿ ಸುಟ್ಟು ಮಾಡುತ್ತಿದ್ದ ಹಬ್ಬದ ತಿನಿಸು ಇಲ್ಲಿ ಕರಿದು ಮಾಡುವುದಾಯಿತು. ಇದರಲ್ಲಿ ಒಂದು ವಿವೇಕವೂ ಇದ್ದಿತು. ಕರಾವಳಿಯ ತೇವದ ಗಾಳಿಯಲ್ಲಿ ನೀರಿನಂಶವುಳ್ಳ ಪದಾರ್ಥವು ಎರಡು ದಿನಗಳಲ್ಲಿ ಬೂಸಲು ಹಿಡಿಯುವುದು. ಗರಿಗರಿಯಾಗಿ ಕರಿದದ್ದು, ಸಕ್ಕರೆಯ ಪಾಕದ ಕವಚವುಳ್ಳದ್ದು, ಮುಚ್ಚಿದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡದೆ ನಿಲ್ಲುವುದು.

ಕರಿಯುವ ವಿದ್ಯೆಯನ್ನು ಈ ನಾಡಿನವರು ಪರರಿಂದ ಕಲಿಯಬೇಕಾಗಿರಲಿಲ್ಲ. ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಂಡಕ, ಪೂರಿಕೆ, ವಟಿಕೆ ಮೊದಲಾದ ಭಕ್ಷ್ಯಗಳು ವರ್ಣಿತವಾಗಿವೆ. ಕುಸ್ವಾರದ ತಟ್ಟೆಯಲ್ಲಿ ಇಂದಿಗೂ ತಪ್ಪದೆ ಇರುವ ಚಕ್ಕುಲಿಯು ಸಂಸ್ಕೃತದ ಶಷ್ಕುಲಿಯೇ. ನೆವ್ರಿ ಎಂಬುದು ಕರ್ಜಿಕಾಯಿ: ತೆಳ್ಳಗೆ ಲಟ್ಟಿಸಿದ ಹಾಳೆಯೊಳಗೆ ಹುರಿದ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿಗಳನ್ನು ತುಂಬಿ, ಅರ್ಧಚಂದ್ರಾಕಾರವಾಗಿ ಮಡಿಸಿ, ಅಂಚನ್ನು ಕತ್ತರಿಸಿ ಕರಿದದ್ದು. ಗೋವೆಯ ಹಿಂದುಗಳು ಗಣೇಶನ ಚೌತಿಗೆ ಮಾಡುವ ನೆವ್ರಿಯೂ ಇದೇ. ತುಕ್ಡಿ ಎಂಬುದು ಶಂಕರಪೋಳಿಯ ಸೋದರ. ಎಳ್ಳಿನ ಉಂಡೆಯ ವಿಷಯವನ್ನು ಸಂಕ್ರಾಂತಿಯನ್ನಾಚರಿಸುವವರಿಗೆ ಹೇಳಬೇಕಾದುದಿಲ್ಲ.

ತಟ್ಟೆಯ ಮತ್ತೊಂದು ಪಾರ್ಶ್ವದಲ್ಲಿ ಕಡಲು ದಾಟಿ ಬಂದವು ಇವೆ. ಪೆರಾದ್ ಎಂಬ ಕೆಂಪು ಬಿಲ್ಲೆಯು ಪೇರಳೆಯ ಹಣ್ಣನ್ನು ಸಕ್ಕರೆಯೊಡನೆ ಕಾಯಿಸಿ, ಗಟ್ಟಿಯಾದ ಮೇಲೆ ತುಂಡರಿಸಿದ್ದು. ಪೋರ್ತುಗಲ್ಲಿನಲ್ಲಿ ಮಾರ್ಮೆಲು ಎಂಬ ಹಣ್ಣಿನಿಂದ ಮಾಡುವ ಮಾರ್ಮೆಲಾದವೇ ಇದಕ್ಕೆ ಮಾದರಿ. ಆ ಹಣ್ಣು ಇಲ್ಲಿ ಬೆಳೆಯದಾದುದರಿಂದ ಅಮೆರಿಕಾ ಖಂಡದಿಂದ ಪೋರ್ತುಗೀಜರೇ ತಂದ ಪೇರಳೆಯು ಅದರ ಸ್ಥಾನವನ್ನು ಪಡೆಯಿತು. ಬಾದಾಮಿಯ ಸ್ಥಾನಕ್ಕೆ ಬ್ರೆಜಿಲಿನಿಂದ ಬಂದ ಗೇರುಬೀಜವು ನಿಂತದ್ದೂ ಹೀಗೆಯೇ. ಕಿಡಿಯೊ ಎಂದರೆ ಹುಳುಗಳು. ತೆಂಗಿನ ಹಾಲಿನಲ್ಲಿ ನಾದಿದ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೊತ್ತಿ ಸುರುಳಿ ಮಾಡಿ, ಕರಿದು, ಪಾಕದಲ್ಲಿ ಹೊರಳಿಸಿದುದು. ಹೆಸರು ಅಸಹ್ಯವಾದರೂ ಮಕ್ಕಳಿಗೆ ಇದೇ ಪ್ರಾಣ. ಇದನ್ನು ಸುತ್ತುವ ಕೆಲಸವೂ ಅವರದೇ.

ಇವುಗಳಲ್ಲೆಲ್ಲ ಸ್ವಾರಸ್ಯವಾದದ್ದು ಕೊಕ್ಕಿಸಾಂ. ಹೂವಿನಾಕಾರದ ಲೋಹದ ಅಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿಮಾಡಿ, ಮೊಟ್ಟೆ ಮತ್ತು ತೆಂಗಿನ ಹಾಲು ಬೆರೆಸಿದ ಹಿಟ್ಟಿನಲ್ಲಿ ಅಂಚು ಮುಳುಗದಂತೆ ಅದ್ದಿ, ಪುನಃ ಎಣ್ಣೆಯಲ್ಲಿ ಹಿಡಿದರೆ, ಹಿಟ್ಟಿನ ಹೂವು ತಾನಾಗಿ ಅಚ್ಚನ್ನು ಬಿಟ್ಟು ತೇಲುವುದು. ಮಲೆಯಾಳದವರು ಇದನ್ನು ಅಚ್ಚಪ್ಪವೆನ್ನುವರು. ಸಿಂಹಳದವರು ಕೋಕಿಸ್ ಎನ್ನುವರು. ಸಿಂಹಳದ ಆ ಹೆಸರು ಡಚ್ ಭಾಷೆಯ ‘ಕೂಕ್ಯ’ ಎಂಬುದರಿಂದ ಬಂದುದು; ಸಣ್ಣ ರೊಟ್ಟಿಯೆಂದು ಅದರ ಅರ್ಥ. ಡಚ್ಚರು 1658ರಿಂದ 1796ರವರೆಗೆ ಸಿಂಹಳದ ಕರಾವಳಿಯನ್ನೂ, 1663ರಿಂದ 1795ರವರೆಗೆ ಕೊಚ್ಚಿಯನ್ನೂ ಆಳಿದರು. ಅದೇ ಡಚ್ ಶಬ್ದವು ಅಮೆರಿಕೆಯ ವಲಸೆಗಾರರ ಬಾಯಲ್ಲಿ ಕುಕಿಯಾಗಿ ಇಂದು ಲೋಕವನ್ನೆಲ್ಲ ಸುತ್ತುತ್ತಿದೆ. ಕೊಕ್ಕಿಸಾಂ ಎಂಬ ನುಡಿಯಲ್ಲಿಯೂ ಅದೇ ಧ್ವನಿಯು ಕೇಳಿಸುತ್ತಿರುವುದನ್ನು ಶಬ್ದರಸಿಕರು ಗಮನಿಸಬಹುದು.

ದೇಶೀಯವೂ ವಿದೇಶೀಯವೂ ಒಂದೇ ತಟ್ಟೆಯಲ್ಲಿ ಹೀಗೆ ಕುಳಿತುದು ಸುಲಭವಾಗಿ ಆದ ಕಾರ್ಯವಲ್ಲ. ಗೋವೆಯಲ್ಲಿ 1560ರಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾಯಿತು. ಹೊಸದಾಗಿ ಕ್ರೈಸ್ತರಾದವರು ಪೂರ್ವದ ಆಚಾರಗಳನ್ನು ಗುಟ್ಟಾಗಿ ನಡೆಸುತ್ತಿರುವರೋ ಎಂದು ಪರೀಕ್ಷಿಸುವುದು ಅದರ ಕೆಲಸಗಳಲ್ಲೊಂದು. 1684ರಲ್ಲಿ ಕೊಂಕಣಿ ಭಾಷೆಯನ್ನೇ ತ್ಯಜಿಸಿ ಪೋರ್ತುಗೀಜ್ ಭಾಷೆಯನ್ನು ಆಡಬೇಕೆಂದು ರಾಜಪ್ರತಿನಿಧಿಯ ಆಜ್ಞೆಯಾಯಿತು. 1736ರಲ್ಲಿ ಧರ್ಮವಿಚಾರಣೆಯವರು ಹೊರಡಿಸಿದ ನಿಷೇಧಪತ್ರವಂತೂ ಅಂಗಳದ ತುಳಸಿಯ ಗಿಡವನ್ನೂ, ಗಂಡಸರ ಧೋತ್ರವನ್ನೂ, ಮದುವೆಯ ಹಾಡುಗಳನ್ನೂ, ಹಿಂದುಗಳಂತೆ ಉಪ್ಪಿಲ್ಲದೆ ಅನ್ನವನ್ನು ಬೇಯಿಸುವುದನ್ನೂ ಬಿಡಲಿಲ್ಲ. ಅನ್ನದ ಮಡಕೆಯೊಳಗೆ ಇಣಿಕಿ ನೋಡಿದ ಆ ಅಧಿಕಾರವು ಬಾಣಲೆಯಲ್ಲಿ ಅರಳುತ್ತಿದ್ದ ನೆವ್ರಿಯನ್ನು ಗೋವೆಯ ಅಡುಗೆಮನೆಯಿಂದ ಹೊರಡಿಸಲಾರದೆ ಹೋಯಿತು. ಹಬ್ಬವು ಬದಲಾಯಿತು, ಹಬ್ಬಕ್ಕೆ ತಕ್ಕ ತಿನಿಸು ಯಾವುದೆಂಬ ಹೆಂಗಸರ ನಿರ್ಣಯವು ಬದಲಾಗಲಿಲ್ಲ. ಚೌತಿಗೆ ಸಲ್ಲುತ್ತಿದ್ದದ್ದು ನತಾಲಿಗೆ ಸಂದಿತು.

ಈ ನಿರ್ಬಂಧಗಳಿಂದಲೂ, ತೆರಿಗೆ ಕ್ಷಾಮಗಳಿಂದಲೂ, 1683ರ ಸಂಭಾಜಿಯ ದಾಳಿ ಮತ್ತು 1739ರ ಮರಾಠರ ದಂಡಯಾತ್ರೆಗಳಿಂದಲೂ ಬೇಸತ್ತ ಗೋವೆಯ ಕ್ರೈಸ್ತಕುಟುಂಬಗಳು ತಂಡತಂಡವಾಗಿ ದಕ್ಷಿಣಕ್ಕೆ ಸರಿದು ಕನ್ನಡ ಜಿಲ್ಲೆಯನ್ನು ಸೇರಿದವು. ಕೆಳದಿಯ ನಾಯಕರು ಈ ಒಕ್ಕಲುಮಕ್ಕಳಿಗೆ ಭೂಮಿಯನ್ನು ಕೊಟ್ಟು ನೆಲೆಗೊಳಿಸಿದರು. ಬಂದವರ ಗಂಟಿನಲ್ಲಿ ಬೀಜದ ಭತ್ತದೊಡನೆ ಕುಸ್ವಾರವೆಂಬ ಮಾತೂ ಬಂದಿತು. ಇಲ್ಲಿನ ನೆರೆಹೊರೆಯಲ್ಲಿ ಬಂಟರ, ಬಿಲ್ಲವರ, ಬ್ರಾಹ್ಮಣರ, ಜೈನರ ಮನೆಗಳಿದ್ದವು. ಅವರು ದೀಪಾವಳಿಗೂ ಚೌತಿಗೂ ಏನನ್ನು ಕರಿಯುತ್ತಿದ್ದರೋ ಅದು ಇವರಿಗೆ ಅಪೂರ್ವವಾಗಿರಲಿಲ್ಲ. ಇವರದು ಅವರಿಗೆ ಅಪೂರ್ವವಾಗಿರಲಿಲ್ಲ. ತಟ್ಟೆಯ ವಿನಿಮಯವು ಬೆಳೆಯಲು ಇದಕ್ಕಿಂತ ಅನುಕೂಲವಾದ ಸನ್ನಿವೇಶವು ಬೇರೊಂದಿಲ್ಲ.

ಈ ನೆಲೆಯೂ ಒಮ್ಮೆ ಬೇರುಸಹಿತ ಅಲುಗಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು 1784ರ ಫೆಬ್ರವರಿ 24ರಂದು ಕನ್ನಡ ಜಿಲ್ಲೆಯ ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟದ ಮೇಲಕ್ಕೆ ನಡೆಯಿಸಿ, ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು. ಭೂಮಿಕಾಣಿಗಳು ಅನ್ಯರ ಪಾಲಾದವು; ಅನೇಕ ಇಗರ್ಜಿಗಳು ಉರುಳಿದವು; ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಜನರು ಮಡಿದರು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಳಿದುಳಿದವರು ಹಿಂದಿರುಗಿದರು. ಸೆರೆಯಲ್ಲಿ ಸಂದ ಕಾಲವು ಹದಿನೈದು ವರ್ಷಗಳು. ಹೋಗುವಾಗ ಮಡಿಲ ಕೂಸಾಗಿದ್ದ ಹುಡುಗಿಯು ಬರುವಾಗ ಮದುವೆಯ ವಯಸ್ಸಿನವಳು. ಅವಳು ಊರಿನ ಹಬ್ಬವನ್ನು ಕಂಡವಳೇ ಅಲ್ಲ. ಹೀಗಿದ್ದೂ ಹತ್ತೊಂಬತ್ತನೆಯ ಶತಮಾನದ ಮನೆಗಳಲ್ಲಿ ನೆವ್ರಿ, ಕಿಡಿಯೊ, ಪೆರಾದಗಳು ಮರಳಿ ಕಾಣಿಸಿಕೊಂಡವು. ತರುವಾಯ ಗೋವೆಯಿಂದ ಬಂದ ಪಾದ್ರಿಗಳ ಮತ್ತು ನಂಟರ ಸಂಪರ್ಕವು ಇದಕ್ಕೆ ನೆರವಾಗಿರಬಹುದು. ಆದರೆ ಪಾದ್ರಿಗಳು ಹಿಟ್ಟನ್ನು ನಾದುವವರಲ್ಲ. ಹಿಟ್ಟಿನ ಹದವೂ ಪಾಕದ ಎಳೆಯೂ ತಾಯಿಯ ಕೈಯಿಂದ ಮಗಳ ಕೈಗೆ ಬರತಕ್ಕ ವಸ್ತುಗಳು. ಮನೆ, ಹೊಲ, ಇಗರ್ಜಿ ಎಲ್ಲವನ್ನೂ ಕಳೆದುಕೊಂಡವರ ಬಳಿಯಲ್ಲಿ ಕಳೆಯದೆ ಉಳಿದಿದ್ದ ಸೊತ್ತು ಇದೊಂದೇ ಎಂದರೆ ಅತಿಶಯೋಕ್ತಿಯಲ್ಲ.

ಇಂಗ್ಲಿಷರ ಆಳಿಕೆಯಲ್ಲಿ ತಟ್ಟೆಗೆ ಹೊಸದಾಗಿ ಸೇರಿದ್ದು ಒಣದ್ರಾಕ್ಷಿಯ ಕೇಕು. ಮಂಗಳೂರಿನ ದಕ್ಷಿಣಕ್ಕಿರುವ ತಲಚೇರಿಯಲ್ಲಿ ಮಾಂಬಳ್ಳಿ ಬಾಪು ಎಂಬ ಬಿಸ್ಕತ್ತಿನ ವ್ಯಾಪಾರಿಯು ಇಂಗ್ಲಿಷ್ ತೋಟಗಾರನೊಬ್ಬನು ತೋರಿಸಿದ ಮಾದರಿಯನ್ನು ನೋಡಿ, 1883ರ ಕ್ರಿಸ್ಮಸ್ಸಿಗೆ ಸ್ಥಳೀಯ ಪದಾರ್ಥಗಳಿಂದಲೇ ಕೇಕನ್ನು ಮಾಡಿಕೊಟ್ಟನೆಂಬುದು ಆ ಪ್ರಾಂತದಲ್ಲಿ ಪ್ರಸಿದ್ಧವಾದ ಸಂಗತಿ. ಅವನಿಗೆ ಭಟ್ಟಿಯಿದ್ದಿತು, ಮಂಗಳೂರಿನ ಗೃಹಿಣಿಗೆ ಇರಲಿಲ್ಲ. ಅವಳು ಪಾತ್ರೆಯೊಳಗೆ ಮರಳನ್ನು ಹರಡಿ, ಅದರ ಮೇಲೆ ಹಿಟ್ಟಿನ ತಟ್ಟೆಯನ್ನಿಟ್ಟು, ಮುಚ್ಚಳದ ಮೇಲೂ ಒಲೆಯಲ್ಲಿಯೂ ಕೆಂಡಗಳನ್ನು ಹರಡಿ ಕೇಕನ್ನು ಸುಟ್ಟಳು. ಇದನ್ನು ಪರದೇಶದ ಯುಕ್ತಿಯೆಂದು ಭಾವಿಸಬೇಕಾಗಿಲ್ಲ. ಹದಿನಾರನೆಯ ಶತಮಾನದ ಕನ್ನಡ ಕವಿಯಾದ ಮಂಗರಸನ ಸೂಪಶಾಸ್ತ್ರದಲ್ಲಿ ಮುಚ್ಚಳ ರೊಟ್ಟಿ ಎಂಬ ಭಕ್ಷ್ಯವುಂಟು. ಕೆಳಗೂ ಮೇಲೂ ಕೆಂಡವನ್ನಿಟ್ಟು ಬೇಯಿಸತಕ್ಕದ್ದು. ವಿಲಾಯತಿಯ ಕೇಕು ಕನ್ನಡನಾಡಿನ ಮುಚ್ಚಳದ ಕೆಳಗೆ ಬೆಂದಿತು.

ಇಪ್ಪತ್ತನೆಯ ಶತಮಾನದಲ್ಲಿ ಉದ್ಯೋಗಾರ್ಥಿಗಳಾಗಿ ಮುಂಬಯಿಗೂ, ಅನಂತರ ಕೊಲ್ಲಿಯ ದೇಶಗಳಿಗೂ ಹೋದ ಮಕ್ಕಳಿಗೆ ತಾಯಂದಿರು ತಗಡಿನ ಡಬ್ಬಿಗಳಲ್ಲಿ ಕುಸ್ವಾರವನ್ನು ತುಂಬಿ ಕಳುಹಿಸತೊಡಗಿದರು. ಹಿಂದೆ ಬಡತನದಿಂದಲೂ ಭಯದಿಂದಲೂ ಊರು ಬಿಟ್ಟವರು ಹೊತ್ತೊಯ್ದದ್ದನ್ನು ಈಗ ಅಂಚೆಯು ಹೊತ್ತೊಯ್ಯುವಂತಾಯಿತು. ಮನೆಗಳಲ್ಲಿ ವಿದ್ಯುತ್ತಿನ ಒಲೆಗಳು ಬಂದವು. ಕೇಕನ್ನು ಸುಡಲು ಕೆಂಡವು ಬೇಕಾಗಿಲ್ಲ. ಮನೆಮಂದಿಯ ಸಂಖ್ಯೆಯು ಕಡಿಮೆಯಾಯಿತು. ಹೆಂಗಸರು ಕಛೇರಿ ಶಾಲೆಗಳಲ್ಲಿ ದುಡಿಯುವವರಾದರು. ಅಂಗಡಿಗಳು ಬಗೆಬಗೆಯ ಕುಸ್ವಾರವನ್ನು ಪೊಟ್ಟಣಗಳಲ್ಲಿ ಕಟ್ಟಿ ಮಾರುತ್ತವೆ. ಇದನ್ನು ದೂಷಿಸುವುದು ನ್ಯಾಯವಲ್ಲ. ದಿನವಿಡೀ ದುಡಿದು ಬಂದವಳಿಗೆ ನಡುರಾತ್ರಿಯವರೆಗೆ ನೆವ್ರಿ ಮಡಿಸೆಂದು ಹೇಳುವ ಅಧಿಕಾರವು ಯಾರಿಗೂ ಇಲ್ಲ. ಮೇಲಾಗಿ ಆ ಪೊಟ್ಟಣಗಳಲ್ಲಿ ಎಷ್ಟೋ ಮನೆಗಳ ಹೆಂಗಸರ ಕೈಕೆಲಸದ ಜೀವನೋಪಾಯವೂ ಸೇರಿದೆ.

ಆದರೂ ಒಂದು ಮಾತನ್ನು ವಿಚಾರಿಸಬೇಕಾಗಿದೆ. ಈ ಜನಾಂಗದ ಚರಿತ್ರೆಯಲ್ಲಿ ಅರಸರ ಆಜ್ಞೆಗಳು, ಕೌಲುಗಳು, ಇಗರ್ಜಿಗಳ ಲೆಕ್ಕಗಳು ಗ್ರಂಥಗಳಲ್ಲಿ ಸೇರಿವೆ. ಅವನ್ನು ಬರೆದವರು ಗಂಡಸರು. ಹೆಂಗಸರ ಚರಿತ್ರೆಯು ಹಿಟ್ಟಿನಲ್ಲಿ ಬರೆದದ್ದು. ಅದನ್ನು ಓದುವ ವಿಧಾನವು ಒಂದೇ: ಮಗ್ಗುಲಲ್ಲಿ ಕುಳಿತು ಕೈಯಾರ ಮಾಡಿ ಕಲಿಯುವುದು. ಅಚ್ಚನ್ನು ಎಷ್ಟು ಹೊತ್ತು ಕಾಯಿಸಬೇಕು, ಹಿಟ್ಟಿಗೆ ಹಾಲು ಸಾಕಾಯಿತೆಂದು ಬೆರಳಿಗೆ ಹೇಗೆ ತಿಳಿಯುವುದು, ಇವು ಪೊಟ್ಟಣದ ಮೇಲೆ ಮುದ್ರಿತವಾಗಿರುವುದಿಲ್ಲ. ಒಂದು ತಲೆಮಾರಿನ ಹುಡುಗಿಯರೂ ಹುಡುಗರೂ ಅಜ್ಜಿಯ ಮಗ್ಗುಲಲ್ಲಿ ಕುಳಿತುಕೊಳ್ಳದೆ ಹೋದರೆ, ಧರ್ಮವಿಚಾರಣೆಗೂ ಸೆರೆವಾಸಕ್ಕೂ ಸೋಲದೆ ಬಂದ ವಿದ್ಯೆಯು ಯಾರ ಆಜ್ಞೆಯೂ ಇಲ್ಲದೆ ನಿಂತುಹೋಗುವುದು. ವರ್ಷಕ್ಕೆ ಒಂದು ಸಂಜೆ, ಒಂದು ಬಗೆಯ ತಿನಿಸು. ಅಷ್ಟಾದರೂ ಮನೆಯಲ್ಲಿ ನಡೆದರೆ ಸಾಕು.

ನೆರೆಯಿಂದ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದು ಈ ಜಿಲ್ಲೆಯಲ್ಲಿ ಅಶುಭವೆಂದು ಎಣಿಕೆ. ತೊಳೆದ ತಟ್ಟೆಯಲ್ಲಿ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವರು. ಚೌತಿಯು ಬಂದಾಗ ಅದೇ ಮನೆಗೆ ಕರ್ಜಿಕಾಯಿಯು ಹೋಗುವುದು. ಒಂದು ಮನೆಯಿಂದ ನೆವ್ರಿಯೆಂದು ಹೊರಟದ್ದು ಮತ್ತೊಂದು ಮನೆಯಿಂದ ಕರ್ಜಿಕಾಯಿಯಾಗಿ ಹಿಂದಿರುಗುವಾಗ, ಯಾವುದು ಯಾರದೆಂಬ ವಿವಾದವು ಆ ತಟ್ಟೆಯ ಮಟ್ಟಿಗೆ ಎಂದೋ ತೀರ್ಮಾನವಾಗಿದೆ.